ಹೊಂಗೆ ಸಿಪ್ಪೆ ಒಲೆಗೆ, ಹಿಂಡಿ ಹೊಲಕ್ಕೆ

ಹಾಲು ಕರೆಯುವ ಮನೆಯಲ್ಲಿ ಒಲೆಗೆ ಬಿಡುವಿಲ್ಲ. ಕ್ಯಾನು, ಬಕೆಟ್ಟು ತೊಳೆಯಲು ಬಿಸಿನೀರು ಬೇಕು, ಕೆಚ್ಚಲು ಒರೆಸಲು ಬೆಚ್ಚನೆಯ ನೀರು ಬೇಕು, ಹುರುಳಿ ಬೇಯಬೇಕು, ಸ್ನಾನದ ಹಂಡೆ ಕಾಯಬೇಕು. ಇಷ್ಟಕ್ಕೂ ಗ್ಯಾಸ್ ಉರಿಸಿದರೆ ಹಾಲಿನ ಬಟವಾಡೆಯಲ್ಲಿ ಉಳಿಯುವುದೇನು? ಬೆರಣಿ ತಟ್ಟಿದರೆ ಹೊಲದ ಗೊಬ್ಬರ ಹೊಗೆಯಾಗುತ್ತದೆ. ಹೀಗಿರುವಾಗ ಸಾ ಮಿಲ್ಲಿನ ಮರದ ಹೊಟ್ಟು ಮತ್ತು ಹೊಂಗೆ ಸಿಪ್ಪೆಯಿಂದ ಇಂಧನ ಬಿಲ್ಲೆ, ಅಂದರೆ ಬ್ರಿಕೆಟ್ ಮಾಡಿಕೊಳ್ಳುವುದು ಯೋಚಿಸಬೇಕಾದ ದಾರಿ.

ರಾಜ್ಯದ ಜೈವಿಕ ಇಂಧನ ನೀತಿ 2009ರಲ್ಲಿ ಬಂದಿತು. ಬದುವಿನ ಹೊಂಗೆ, ಬೇವು, ಹಿಪ್ಪೆ ಬೀಜಗಳಿಂದ ಎಣ್ಣೆ ತೆಗೆಯಲು ಇದು ಉತ್ತೇಜನ ಕೊಟ್ಟಿತು. 100 ಕೆ.ಜಿ. ಹೊಂಗೆ ಬೀಜ ಗಾಣಕ್ಕೆ ಹಾಕಿದರೆ ಎಣ್ಣೆ ಸಿಗುವುದು ಸುಮಾರು ಕಾಲು ಭಾಗ, ಉಳಿದದ್ದು ಹಿಂಡಿ. ಬೀಜ ಬಿಡಿಸಿದಾಗ ಬೀಳುವ ಸಿಪ್ಪೆಯ ರಾಶಿ ಬೇರೆ.

ಇಲ್ಲೊಂದು ಎಚ್ಚರಿಕೆ. ಹೊಂಗೆ ಹಿಂಡಿ ಕಡಲೆಕಾಯಿ ಹಿಂಡಿಯಲ್ಲ, ರಾಸುಗಳಿಗೆ ಕೊಡಬಾರದು. ಹರಳು ಹಿಂಡಿ, ಕಾಡುಹರಳಿನ (ಜತ್ರೋಫಾ) ಹಿಂಡಿ ಇನ್ನೂ ಅಪಾಯ. ಸ್ವಲ್ಪ ತಿಂದರೂ ಹಸು ಸಾಯಬಹುದು. ಪಶು ಆಹಾರದ ಚೀಲಗಳ ಪಕ್ಕ ಇವನ್ನು ಇಡಲೇಬೇಡಿ. ಹೊಂಗೆ ಹಿಂಡಿಯನ್ನು ಬಿಲ್ಲೆಗೆ ಹಾಕಿದರೆ ಚೆನ್ನಾಗಿ ಉರಿಯುತ್ತದೆ, ನಿಜ. ಆದರೆ ಅದರಲ್ಲಿ ಶೇ. 4ರ ಆಸುಪಾಸು ಸಾರಜನಕವಿದೆ. ಅಂಥದ್ದನ್ನು ಸುಡುವುದಕ್ಕೆ ನಮಗಂತೂ ಮನಸ್ಸು ಬಾರದು. ಅದು ಹೊಲಕ್ಕೆ ಹೋಗಲಿ, ಸಿಪ್ಪೆ ಒಲೆಗೆ ಬರಲಿ.

ಕಾರ್ಖಾನೆಯ ಯಂತ್ರದಲ್ಲಿ ಅಂಟು ಬೇಕಿಲ್ಲ. ಒತ್ತಡದ ಬಿಸಿಗೆ ಮರದೊಳಗಿನ ಅಂಟೇ ಮೆತ್ತಗಾಗಿ ಪುಡಿಯನ್ನು ಹಿಡಿಯುತ್ತದೆ. ಮನೆಯಲ್ಲಿ ಆ ಕೆಲಸಕ್ಕೆ ಸಗಣಿ. ಮರದ ಹೊಟ್ಟು, ಕುಟ್ಟಿದ ಸಿಪ್ಪೆ ಸೇರಿ ನಾಲ್ಕು ಬುಟ್ಟಿಗೆ ಒಂದು ಬುಟ್ಟಿ ಸಗಣಿಯಿಂದ ಶುರುಮಾಡಿ, ನೀರು ಚಿಮುಕಿಸಿ ಕಲಸಿ. ಮುಷ್ಟಿಯಲ್ಲಿ ಒತ್ತಿದ ಉಂಡೆ ಕೈಬಿಟ್ಟಾಗ ಒಡೆಯಬಾರದು, ನೀರೂ ತೊಟ್ಟಿಕ್ಕಬಾರದು. ಒಡೆದರೆ ಸಗಣಿ ಹೆಚ್ಚಿಸಿ. ಅಗಲವಾದ ಪೈಪಿನ ತುಂಡಿನ ನಡುವೆ ಕೋಲು ನಿಲ್ಲಿಸಿ, ಸುತ್ತ ತುಂಬಿ ಗಟ್ಟಿಯಾಗಿ ಒತ್ತಿ, ಕೋಲು ಎಳೆದು ಹೊರಗೆ ತಳ್ಳಿ. ನಡುವಿನ ತೂತಿನಿಂದ ಗಾಳಿಯಾಡಿ ಉರಿ ಚೆನ್ನಾಗಿ ಹಿಡಿಯುತ್ತದೆ. ವಾರವಾದರೂ ಬಿಸಿಲು ಬೇಕು. ಒಂದನ್ನು ಮುರಿದು ನೋಡಿ. ಒಳಗೆ ತಣ್ಣಗಿದ್ದರೆ ಹೊಗೆಯೇ ಗತಿ.

ಪ್ಲೈವುಡ್, ಬಣ್ಣ ಬಳಿದ ಮರದ ಹೊಟ್ಟು ಬೇಡ. ಅದರ ಅಂಟು, ಬಣ್ಣ ಉರಿದರೆ ವಿಷದ ಹೊಗೆ. ಬಯೋಡೀಸೆಲ್ ಘಟಕದಲ್ಲಿ ಉಳಿಯುವ ಗ್ಲಿಸರಿನ್ ಅಗ್ಗಕ್ಕೆ ಸಿಕ್ಕರೂ ಬೆರೆಸಬೇಡಿ. ಅದು ಅರೆಬರೆ ಉರಿದಾಗ ಬರುವ ಅನಿಲ ಕಣ್ಣು, ಶ್ವಾಸಕೋಶವನ್ನು ಸುಡುತ್ತದೆ. ಬಿಲ್ಲೆ ಯಾವುದೇ ಇರಲಿ, ಮುಚ್ಚಿದ ಕೋಣೆಯಲ್ಲಿ ಉರಿಸಬಾರದು. ಬಚ್ಚಲೊಲೆ, ಹಿತ್ತಲ ಒಲೆಗೆ ಇದು ಸರಿ. ಬೂದಿ ತಿಪ್ಪೆಗೆ.

ಸಂಘದಿಂದ ಯಂತ್ರ ಹಾಕುವ ಮಾತು ಬಂದರೆ ಮೊದಲು ಕೊಳ್ಳುವವರು ಯಾರೆಂದು ಕೇಳಿ. ಬಾಯ್ಲರ್ ಇರುವವರು ವರ್ಷವಿಡೀ ಒಣ ಮಾಲು ಕೇಳುತ್ತಾರೆ. ಮಳೆಗಾಲದಲ್ಲಿ ಹೊಟ್ಟು ಒಣಗಿಸುವ ಜಾಗ, ತ್ರೀ-ಫೇಸ್ ಕರೆಂಟು ಇಲ್ಲದಿದ್ದರೆ ಸಾಲವಷ್ಟೇ ಉಳಿಯುತ್ತದೆ.

ಮನೆಮಟ್ಟಕ್ಕೆ ಆ ಚಿಂತೆಯಿಲ್ಲ. ಹೊಂಗೆ ಕಾಯಿ ಆಯುವುದೂ ಬೇಸಿಗೆಯಲ್ಲೇ. ಮುಂಗಾರಿಗೆ ಮುಂಚೆ ಒಣಗಿಸಿ ಅಟ್ಟಕ್ಕೇರಿಸಿ. ಕೈಯಲ್ಲಿ ಒತ್ತಿದ ಬಿಲ್ಲೆ ನೀರು ತಗುಲಿದರೆ ಮತ್ತೆ ಹೊಟ್ಟೇ.