ಡೇರೆಯ ಬಲ ಗೂಟದಲ್ಲಿ

ಧಾರವಾಡವನ್ನು ಮಲೆನಾಡಿನ ಬಾಗಿಲು ಎಂದು ಕರೆಯುವುದುಂಟು. ಬಾಗಿಲಿನ ಒಂದು ಮಗ್ಗುಲಿಗೆ ಕಲಘಟಗಿ ತಾಲ್ಲೂಕು. ಅಲ್ಲಿ ಬಸವಣ್ಣನ ಗುಡಿಗೆ ಹೆಸರಾದ ತಂಬೂರಿನ ಆಸುಪಾಸಿನಲ್ಲಿ ಕಾಡು, ಕೆಂಪು ಮಣ್ಣು, ಭತ್ತದ ಗದ್ದೆ. ಇನ್ನೊಂದು ಮಗ್ಗುಲಿಗೆ ನವಲಗುಂದ, ಅಣ್ಣಿಗೇರಿಗಳ ಮರ ವಿರಳವಾದ ಎರೆಹೊಲ. ಮನೆ ಕಟ್ಟುವವನಿಗೆ ತನ್ನ ಊರಿನ ನೆಲವೊಂದನ್ನು ಅರಿತರೆ ಸಾಕು. ಡೇರೆ ಹೊತ್ತು ತಿರುಗುವವನಿಗೆ ಎರಡೂ ನೆಲ, ಎರಡೂ ಮಳೆ ಗೊತ್ತಿರಬೇಕು.

ಈ ಅರಿವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಸಂಚಾರಿ ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಅವರು ಕುರಿ ನಿಲ್ಲಿಸುತ್ತಾರೆ. ರೈತನಿಗೆ ಗೊಬ್ಬರ, ಕುರಿಗೆ ಮೇವು. ಸಂಸಾರದ ಸಾಮಾನು ಕುದುರೆಯ ಬೆನ್ನ ಮೇಲೆ. ನಾಲ್ಕಾರು ಕೋಲು, ಹಗ್ಗ, ಮೇಲೊಂದು ಕಂಬಳಿ: ಇಷ್ಟೇ ಅವರ ಹಳೆಯ ಡೇರೆ. ಡೆಕ್ಕನಿ ಕುರಿಯ ಒರಟು ಉಣ್ಣೆಯಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕಂಬಳಿಯ ಮೇಲೆ ಸಾಮಾನ್ಯ ಮಳೆ ನಿಲ್ಲದೆ ಜಾರುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡೂ ಮೈಗೆ ಬೆಚ್ಚಗೇ ಇರುತ್ತದೆ. ಆದರೆ ನೆನೆದ ಕಂಬಳಿ ಭಾರ. ಜಡಿಮಳೆಗೆ ಅದು ಸೋಲುತ್ತದೆ. ಅದಕ್ಕೇ ಇಂದು ಬಹುತೇಕ ಕಡೆ ಕಂಬಳಿಯ ಜಾಗಕ್ಕೆ ಪ್ಲಾಸ್ಟಿಕ್ ತಾಡಪತ್ರಿ ಬಂದಿದೆ.

ಹತ್ತಿ ಬಟ್ಟೆಯ ಗುಣ ಬೇರೆ. ಕ್ಯಾನ್ವಾಸಿನ ನೂಲು ನೆನೆದಾಗ ಉಬ್ಬಿ, ಎಳೆಗಳ ನಡುವಿನ ರಂಧ್ರಗಳನ್ನು ತಾನೇ ಮುಚ್ಚುತ್ತದೆ. ಅದರ ಶತ್ರು ಬೂಷ್ಟು. ಒಣಗಿಸಿ ಮಡಿಸಿಟ್ಟ ಹತ್ತಿ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿರುವ ಟಿಪ್ಪು ಸುಲ್ತಾನನ ಗುಡಾರವೇ ಸಾಕ್ಷಿ. ಹೂಬಳ್ಳಿಯ ಚಿತ್ತಾರದ ಆ ಬಟ್ಟೆ 18ನೇ ಶತಮಾನದ ಪೂರ್ವಾರ್ಧದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕ್ಲೈವ್ ಮನೆತನದ ಕೈಸೇರಿತು.

ಇಂದು ದಾಂಡೇಲಿ ಕಡೆಗೋ ಪಶ್ಚಿಮ ಘಟ್ಟಕ್ಕೋ ಹೊರಡುವವರು ಅಂಗಡಿಯಲ್ಲಿ ಕಾಣುವುದು ನೈಲಾನ್ ಅಥವಾ ಪಾಲಿಯೆಸ್ಟರ್ ಡೇರೆ. ಅದರ ಚೀಟಿಯ ಮೇಲೆ 1,500 ಮಿ.ಮೀ., 3,000 ಮಿ.ಮೀ. ಎಂಬ ಅಂಕಿ ಇರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಂತರೂ ಒಳಗೆ ಜಿನುಗುವುದಿಲ್ಲ ಎಂದು ಅದರ ಅರ್ಥ. ಘಟ್ಟದ ಮಳೆಗೆ ದೊಡ್ಡ ಅಂಕಿಯೇ ಮೇಲು. ಆದರೆ ನೀರು ಮೊದಲು ನುಗ್ಗುವುದು ಹೊಲಿಗೆಯಲ್ಲಿ. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರೆಯೇ, ನೆಲಹಾಸು ಅಂಚಿನಲ್ಲಿ ಒಂದು ಗೇಣು ಮೇಲೆದ್ದಿದೆಯೇ ಎಂದು ನೋಡಿಕೊಳ್ಳಬೇಕು. ನೀರು ಬಿಡದ ಬಟ್ಟೆ ಉಸಿರಿನ ಆವಿಯನ್ನೂ ಹೊರಬಿಡದು. ಗಾಳಿಕಿಂಡಿ ಇಲ್ಲದಿದ್ದರೆ ಬೆಳಗಿನ ಹೊತ್ತಿಗೆ ಒಳಗಡೆಯೇ ಹನಿ ಬೀಳುತ್ತದೆ. ಬಿಸಿಲಿಗೂ ಈ ಬಟ್ಟೆ ಬಳಲುತ್ತದೆ. ತಿಂಗಳುಗಟ್ಟಲೆ ಬಯಲಲ್ಲಿ ಬಿಟ್ಟರೆ ನೈಲಾನ್ ಸತ್ವ ಕಳೆದುಕೊಂಡು ಹರಿಯುತ್ತದೆ.

ಸುಲಭವಾಗಿ ಹೂಡುವ ಮಾತಿಗೆ ಬಂದರೆ, ಎರಡು ಬಾಗುವ ಕೋಲುಗಳು ನೆತ್ತಿಯಲ್ಲಿ ಅಡ್ಡ ಹಾಯುವ ಗುಮ್ಮಟದ ಡೇರೆ ಒಬ್ಬನ ಕೈಯಲ್ಲೂ ಏಳುತ್ತದೆ. ಬಾಗಿದ ಕೋಲು ಬಟ್ಟೆಯನ್ನು ತಾನೇ ಬಿಗಿಹಿಡಿಯುವುದರಿಂದ ಅದು ಗೂಟವಿಲ್ಲದೆಯೂ ನಿಲ್ಲುತ್ತದೆ. ಹೊಸಬರು ಮೋಸಹೋಗುವುದು ಇಲ್ಲಿಯೇ. ನಿಂತ ಡೇರೆ ಗಾಳಿಗೆ ತಡೆದೀತು ಎಂದೇನಿಲ್ಲ. ಬಯಲುಸೀಮೆಯ ಗಾಳಿಗೆ ಗೂಟವಿಲ್ಲದ ಗುಮ್ಮಟ ಉರುಳಿಹೋಗುತ್ತದೆ.

ಗೂಟವನ್ನು ನೆಲ ನೋಡಿಯೇ ಆರಿಸಬೇಕು. ಕಲ್ಲು ಬೆರೆತ ಗಟ್ಟಿ ಕೆಂಪು ನೆಲಕ್ಕೆ ತೆಳ್ಳಗಿನ ಉಕ್ಕಿನ ಗೂಟ ಇಳಿಯುತ್ತದೆ, ಇಳಿದರೆ ಕದಲದು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಮೆತ್ತಗಾಗುತ್ತದೆ. ಅದೇ ಗೂಟ ಅಲ್ಲಿ ಬೆಣ್ಣೆಯಿಂದ ಕೂದಲು ತೆಗೆದಂತೆ ಕಿತ್ತು ಬರುತ್ತದೆ. ಅಲ್ಲಿ ಉದ್ದನೆಯ ಅಗಲ ಗೂಟ ಬೇಕು, ಇಲ್ಲವೇ ಹಗ್ಗವನ್ನು ಕೋಲಿಗೆ ಕಟ್ಟಿ ಕೋಲನ್ನೇ ಅಡ್ಡಲಾಗಿ ಹೂಳಬೇಕು. ಯಾವ ನೆಲದಲ್ಲೇ ಆಗಲಿ, ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಬೇಕು.

ಎಲ್ಲಕ್ಕಿಂತ ಮೊದಲು ಜಾಗ. ಒಂಟಿ ಮರದ ಅಡಿ ಸಿಡಿಲಿನ ಭಯ, ಹಳ್ಳದ ದಂಡೆ ನೆರೆಯ ಭಯ. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹರಿದದ್ದನ್ನು ನವಲಗುಂದದ ಜನ ಮರೆತಿಲ್ಲ. ಪಶ್ಚಿಮದಲ್ಲಿ ಬಿದ್ದ ಮಳೆ ಈ ಹಳ್ಳಗಳಲ್ಲಿ ಇಳಿದು ಬರುವುದರಿಂದ, ತಲೆಯ ಮೇಲೆ ಮೋಡವಿಲ್ಲದಾಗಲೂ ಪ್ರವಾಹ ಬರಬಹುದು. ಅಂಥ ಕಡೆ ಎಷ್ಟು ಬೆಲೆಯ ಡೇರೆಯೂ ಕಾಯದು.

ವಿಹಾರಕ್ಕೆ ಹೋದವರ ಡೇರೆ ಸೋರಿದರೆ ಒಂದು ರಾತ್ರಿಯ ನಿದ್ದೆ ಹಾಳು. ಮರುದಿನ ಬಸ್ಸು ಹತ್ತಬಹುದು. ಕುರಿಗಾರನ ಮನೆಯಲ್ಲಿ ಎಳೆಮಗು, ಆಗತಾನೇ ಹುಟ್ಟಿದ ಮರಿ ಮಲಗುವುದೂ ಅದೇ ಸೂರಿನಡಿ. ಸಂಚಾರಿ ಕುರಿಗಾಹಿಗಳಿಗೆ ಡೇರೆ ಕೊಡುವ ಯೋಜನೆ ಸರ್ಕಾರದ್ದೂ ಇದೆ. ಅಂಥ ಡೇರೆಯನ್ನು ಆರಿಸುವಾಗ ಗೋದಾಮಿನ ನೆಲದ ಮೇಲೆ ಹೂಡಿ ನೋಡಿದರೆ ಸಾಲದು. ಆಷಾಢದ ಗಾಳಿಯಲ್ಲಿ, ಹಸಿ ಎರೆಹೊಲದಲ್ಲಿ, ಕತ್ತಲಲ್ಲಿ ಒಬ್ಬ ಹೆಣ್ಣುಮಗಳು ಅದನ್ನು ಹೂಡಬಲ್ಲಳೇ, ಬೆಳಿಗ್ಗೆ ಕಿತ್ತು ಕುದುರೆಯ ಮೇಲೆ ಹೇರಬಲ್ಲಳೇ ಎಂದು ನೋಡಬೇಕು. ಆ ಪರೀಕ್ಷೆಯಲ್ಲಿ ಗೆದ್ದ ಡೇರೆ ವಿಹಾರಕ್ಕೆ ಹೊರಟವರಿಗೂ ಆದೀತು.