ಪಟವನ್ನು ನೋಡಿ ಪಟ ಬರೆಯುವುದು

ತೈಲವರ್ಣದಲ್ಲಿ ಮುಖವನ್ನು ಬರೆಯಲು ಕಲಿಯಬೇಕೆಂಬ ಹಂಬಲವು ನನಗೆ ಹುಟ್ಟಿದುದು ತಿರುಮಕೂಡಲು ನರಸೀಪುರದಲ್ಲಿ, ಅಜ್ಜಿಯವರ ಮನೆಯ ಜಗಲಿಯ ಮೇಲೆ. ಅವರಿಗೆ ಆಗ 83 ವರ್ಷ. ಛಾಯಾಚಿತ್ರವೆಂದರೆ ಮುಖ ತಿರುಗಿಸುತ್ತಿದ್ದವರು, "ಕೈಯಲ್ಲಿ ಬರೆಯುವುದಾದರೆ ಕೂರುತ್ತೇನೆ, ಬೇಗ ಕಲಿತುಕೋ ಮಗು" ಎಂದರು. ನಂಜನಗೂಡಿನಲ್ಲಿದ್ದ ನನಗೆ ಗುರುಗಳಾರೂ ಇರಲಿಲ್ಲ.

ಗುರುವಿಲ್ಲದವನಿಗೆ ಹಿರಿಯರ ಪಟವೇ ಗುರು. ರವಿವರ್ಮನ ವೃತ್ತಾಂತವನ್ನು ವಾಚಕರು ಕೇಳಿರಬಹುದು. 1868ರಲ್ಲಿ ತಿರುವಾಂಕೂರಿನ ಅರಮನೆಗೆ ಥಿಯೋಡೋರ್ ಜೆನ್ಸನ್ನನೆಂಬ ಯೂರೋಪಿಯನ್ ಚಿತ್ರಕಾರನು ಬಂದಾಗ, ಆತನು ಕಲಿಸಲೊಪ್ಪದೆ, ತಾನು ಬರೆಯುವುದನ್ನು ನೋಡಲು ಮಾತ್ರ ಸಮ್ಮತಿಸಿದನಂತೆ. ಇಪ್ಪತ್ತರ ತರುಣನು ನೋಡಿ ನೋಡಿಯೇ ಕಲಿತನು. ಆ ರವಿವರ್ಮನು 1906ರಲ್ಲಿ ತೀರಿಕೊಳ್ಳುವ ಮುನ್ನ ಮೈಸೂರು ಅರಸರಿಗಾಗಿ ಬರೆದ ಪುರಾಣಚಿತ್ರಗಳಲ್ಲಿ ಶ್ರೀಕೃಷ್ಣ ಸಂಧಾನದ ಪಟವು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಸೇರಿದುದು. ಭಾನುವಾರಗಳಲ್ಲಿ ರೈಲು ಹತ್ತಿ ಹೋಗಿ, ಅದರೊಳಗಿನ ಮುಖವೊಂದನ್ನೇ ಆರಿಸಿಕೊಂಡು, ಬಣ್ಣಗಳನ್ನು ಪುಸ್ತಕದಲ್ಲಿ ಮಾತಿನಿಂದ ಬರೆದುಕೊಂಡು ಬರುತ್ತಿದ್ದೆನು. ಅಚ್ಚಿನ ಪಟವನ್ನು ಮುಂದಿಟ್ಟುಕೊಂಡರೆ ಸಾಲದೇ ಎನ್ನಬಹುದು. ಸಾಲದು, ಅಚ್ಚಿನಲ್ಲಿ ಕುಂಚದ ನಡೆಯೇ ಕಾಣುವುದಿಲ್ಲ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕಲಾವಿದರು ಕುಳಿತು ನಕಲು ಮಾಡುವ ಪದ್ಧತಿಯು ಅದು ತೆರೆದ 1793ರಷ್ಟೇ ಹಳೆಯದು. ನಕಲು ಮೂಲದಷ್ಟೇ ಅಳತೆಯದಾಗಿರಕೂಡದೆಂಬುದು ಅಲ್ಲಿನ ಕಟ್ಟಳೆ. ನಾನೂ ಚೌಕಳಿಗಳನ್ನೆಳೆದು, ಅಳತೆಯನ್ನು ಕಿರಿದು ಮಾಡಿ, ಮೊದಲು ಕಂದುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ನೆರಳನ್ನಷ್ಟೇ ಹಾಕಿದೆನು. ಅಗಸೆ ಎಣ್ಣೆಯು ನೀರಿನಂತೆ ಆವಿಯಾಗಿ ಆರುವುದಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಮೆಲ್ಲಗೆ ಗಟ್ಟಿಯಾಗುವುದು. ಆದುದರಿಂದ ಕೆಳಗಿನ ಲೇಪದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ತಿರುವುಮುರುವಾದರೆ ಮೇಲಿನದು ಬೇಗ ಬಿಗಿದು, ಕೆಳಗಿನದು ಅಲುಗಿ, ಪಟವು ಬಿರಿಯುವುದು. ಚರ್ಮಕ್ಕೆ ಒಂದೇ ಬಣ್ಣವೆಂದು ತಿಳಿದಿದ್ದ ನನಗೆ, ಹಣೆಯಲ್ಲಿ ಹಳದಿ, ಕೆನ್ನೆಯಲ್ಲಿ ಕೆಂಪು, ಗಲ್ಲದ ಕೆಳಗೆ ಹಸುರು ಬೆರೆತ ಬೂದಿಯಿರುವುದನ್ನು ಕಾಣಲು ನಾಲ್ಕು ತಿಂಗಳು ಹಿಡಿಯಿತು.

ಕಲಿತೆನೆಂಬ ಹೆಮ್ಮೆಯಿಂದ ನರಸೀಪುರಕ್ಕೆ ಹೋಗಿ ಅಜ್ಜಿಯವರನ್ನು ಬರೆದೆನು. ಅವರು ನೋಡಿ, "ನನಗೆ ಕಾಮಾಲೆಯೇನೋ?" ಎಂದರು. ಮಾತು ದಿಟವೇ. ಹಳೆಯ ಪಟಗಳ ಮೇಲಿನ ವಾರ್ನಿಷು ವರ್ಷಗಳು ಕಳೆದಂತೆ ಹಳದಿಗೆ ತಿರುಗುವುದು. ನಾನು ರವಿವರ್ಮನ ಬಣ್ಣದೊಂದಿಗೆ ಆ ಕಾಲದ ಬಣ್ಣವನ್ನೂ ನಕಲು ಮಾಡಿಕೊಂಡಿದ್ದೆನು! ನಕಲಿನಿಂದ ಕಲಿಯುವವರೆಲ್ಲರೂ ಈ ಗುಂಡಿಯನ್ನು ನೋಡಿಕೊಂಡು ನಡೆಯಬೇಕು.

ಹೊಸ ಬಟ್ಟೆಯನ್ನು ಬಿಗಿದು ಮತ್ತೆ ತೊಡಗಿದೆನು. ಬೆಳಗಿನ ಹೊತ್ತು ಜಗಲಿಯ ಮೇಲೆ ಅವರು ಅವರೆಕಾಯಿ ಬಿಡಿಸುತ್ತಾ ಕೂರುವರು, ನಾನು ಬರೆಯುವೆನು. ಈ ಸಲ ಪುಸ್ತಕವನ್ನು ತೆರೆಯಲಿಲ್ಲ. "ಮೂಗುಬೊಟ್ಟು ಎಲ್ಲಿ?" ಎಂದು ದಿನವೂ ಕೇಳುವರು. ಲೇಪವು ಆರಲಿ, ಹೊಳಪನ್ನು ಕಡೆಗಿಡಬೇಕು ಎಂದು ನಾನು ಹೇಳುವೆನು. ಹಾಗೆ ಆರಲೆಂದು ಬಿಟ್ಟು ನಂಜನಗೂಡಿಗೆ ಬಂದಿದ್ದ ವಾರದಲ್ಲಿಯೇ ಅವರು ತೀರಿಕೊಂಡರು.

ಪಟವು ಆರು ತಿಂಗಳು ಗೋಡೆಗೆ ಮುಖಮಾಡಿಕೊಂಡಿತ್ತು. ಆ ಮೂಗುಬೊಟ್ಟನ್ನು ಈಗ ನಮ್ಮ ತಾಯಿಯವರು ಧರಿಸುತ್ತಾರೆ. ಅವರನ್ನು ಕಿಟಕಿಯ ಬಳಿ ಕುಳ್ಳಿರಿಸಿ, ನೋಡಿ, ಆ ಒಂದು ಬಿಳಿಯ ಬಿಂದುವನ್ನು ಇಟ್ಟೆನು.