ಹಳಿಯಡಿಯ ಭಾರಕ್ಕೆ ಇಂದಿಗೂ ಹಾರೆಯೇ ಆಧಾರ

ಬೈಲಹೊಂಗಲ: ಬೆಳಗಾವಿ ಜಿಲ್ಲೆಯ ಪೂರ್ವ ಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪಟ್ಟಣಗಳಿಗೆ ರೈಲು ಇನ್ನೂ ಬಂದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಧಾರವಾಡದಲ್ಲೋ ಬೆಳಗಾವಿಯಲ್ಲೋ ರೈಲು ಇಳಿದು ಬಸ್ಸು ಹಿಡಿಯಬೇಕು. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೂಲಕ ಧಾರವಾಡಕ್ಕೆ ಮಾರ್ಗ ಬೇಕೆಂಬುದು ಈ ಭಾಗದ ಬಹುಕಾಲದ ಬೇಡಿಕೆ. ಕಿತ್ತೂರಿನ ಮೂಲಕ ಧಾರವಾಡ-ಬೆಳಗಾವಿ ನೇರ ಮಾರ್ಗವು ಬೆಳಗಾವಿ ಸಂಸದರಾಗಿದ್ದ ದಿವಂಗತ ಸುರೇಶ ಅಂಗಡಿ ಅವರು ರೈಲ್ವೆ ರಾಜ್ಯ ಸಚಿವರಾಗಿದ್ದ ಅವಧಿಯಲ್ಲಿ (2019-20) ಮಂಜೂರಾತಿ ಕಂಡಿತು. ಅದರ ಉದ್ದ ಸುಮಾರು 73 ಕಿ.ಮೀ., ಆಗಿನ ಅಂದಾಜು ವೆಚ್ಚ 927 ಕೋಟಿ ರೂಪಾಯಿ.

ಹೊಸ ಮಾರ್ಗದ ಮಾತು ಬಂದಾಗಲೆಲ್ಲ ಚರ್ಚೆ ಭೂಸ್ವಾಧೀನ, ನಿಲ್ದಾಣ, ವೇಗ ಇಷ್ಟಕ್ಕೇ ನಿಲ್ಲುತ್ತದೆ. ಹಳಿ ಹಾಕಿದ ಮೇಲೆ ಅದನ್ನು ಸರಿಯಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಕೇಳುವವರು ಕಡಿಮೆ. ರೈಲ್ವೆಯ ಪ್ರಮುಖ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಪ್ರತಿ ಕಿಲೋಮೀಟರಿಗೆ 1,660 ಸ್ಲೀಪರ್‌ಗಳನ್ನು ಹಾಸುವುದು ರೂಢಿ. ಆ ಲೆಕ್ಕದಂತೆ 73 ಕಿ.ಮೀ. ಒಂಟಿ ಮಾರ್ಗಕ್ಕೇ 1.21 ಲಕ್ಷ ಸ್ಲೀಪರ್‌ಗಳು ಬೇಕು. ಅವುಗಳಲ್ಲಿ ಒಂದು ಸೀಳು ಬಿಟ್ಟರೂ ಅದನ್ನು ಹಳಿಯ ಕೆಳಗಿನಿಂದ ಹೊರಗೆಳೆದು ಬೇರೊಂದನ್ನು ಕೂರಿಸಬೇಕು. ಅದೂ ಎರಡು ರೈಲುಗಳ ನಡುವಿನ ಬಿಡುವಿನಲ್ಲಿ. ಈ ಕೆಲಸಕ್ಕೆ ಬೃಹತ್ ಯಂತ್ರಗಳು ಬಂದಿವೆಯಾದರೂ ಬಿಡಿ ಸ್ಲೀಪರ್ ಬದಲಾವಣೆಯ ಭಾರ ಇಂದಿಗೂ ಬಹುಮಟ್ಟಿಗೆ ಹಾರೆ, ಸಲಿಕೆ, ಇಕ್ಕಳ ಮತ್ತು ಕೈ ಜಾಕ್‌ಗಳ ಮೇಲೆಯೇ ಬೀಳುತ್ತದೆ.

ದಾಂಡೇಲಿಯ ತೇಗದಿಂದ ಕಾಂಕ್ರೀಟಿನವರೆಗೆ

1876-78ರ ಭೀಕರ ಬರದ ನಂತರ, ಕ್ಷಾಮ ಪರಿಹಾರದ ಉದ್ದೇಶವನ್ನೂ ಇಟ್ಟುಕೊಂಡು 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಧಾರವಾಡದಲ್ಲಿ ಇಂದು ಕರ್ನಾಟಕ ಕಾಲೇಜು ಇರುವ ಕಟ್ಟಡವೇ ಆಗ ಅದರ ಕೇಂದ್ರ ಕಚೇರಿ. ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿಗಳನ್ನು ಜೋಡಿಸಿದ ಅದರ ಹಳಿ ಮೀಟರ್‌ಗೇಜ್ ಆಗಿತ್ತು. ಪಕ್ಕದಲ್ಲೇ ಹಳಿಯಾಳ-ದಾಂಡೇಲಿಯ ಕಾಡು, ಅಲ್ಲಿಂದ ಮರ ತರಲು ಅಳ್ನಾವರ-ದಾಂಡೇಲಿ ಕವಲು ಮಾರ್ಗ. ತೇಗ, ಮತ್ತಿಯಂಥ ಗಟ್ಟಿ ಮರದ ದಿಮ್ಮಿಗಳು ಹಳಿಯಡಿಯ ಹಾಸುಗಳಾದವು.

ಮೀಟರ್‌ಗೇಜ್‌ನ ಮರದ ಸ್ಲೀಪರ್ ಸುಮಾರು 180 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 11.5 ಸೆಂ.ಮೀ. ದಪ್ಪ. ತೇಗವಾದರೆ ತೂಕ ಮೂವತ್ತು ಕೆ.ಜಿ.ಯ ಆಸುಪಾಸು. ಒಬ್ಬ ಗಟ್ಟಿಮುಟ್ಟಾದ ಆಳು ಹೆಗಲ ಮೇಲೆ ಹೊತ್ತು ನಡೆಯಬಹುದಾದ ಭಾರವದು. ಬ್ರಾಡ್‌ಗೇಜ್‌ನ ಮರದ ಸ್ಲೀಪರಿಗೆ ಇಬ್ಬರು ಸಾಕಾಗುತ್ತಿತ್ತು. ಹಳಿಯನ್ನು ಮರಕ್ಕೆ ಹಿಡಿದಿಡುತ್ತಿದ್ದುದು ಡಾಗ್ ಸ್ಪೈಕ್ ಎಂಬ ದಪ್ಪ ಮೊಳೆ. ಸೀಳಿದ ನಾಲಗೆಯಂಥ ಕವಲು ತುದಿಯ ಹಾರೆಯಿಂದ ಮೊಳೆ ಕಿತ್ತು, ಸ್ಲೀಪರನ್ನು ಪಕ್ಕಕ್ಕೆ ಜಾರಿಸಿ ಎಳೆಯಲಾಗುತ್ತಿತ್ತು. ಹೊಸ ಮರಕ್ಕೆ ಬಾಚಿಯಿಂದ ಹಳಿ ಕೂರುವ ಜಾಗವನ್ನು ಹದ ಮಾಡಿ, ಬೈರಿಗೆಯಿಂದ ತೂತು ಕೊರೆದು ಕೂರಿಸುತ್ತಿದ್ದರು. ಅರ್ಧ ಕೆಲಸ ಬಡಗಿಯದು, ಅರ್ಧ ಹಮಾಲಿಯದು ಎನ್ನಬಹುದು.

1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆಯಡಿ ಈ ಮಾರ್ಗ ಬ್ರಾಡ್‌ಗೇಜ್‌ಗೆ ಪರಿವರ್ತನೆಗೊಂಡಿತು. ಎರಡು ಹಳಿಗಳ ನಡುವಿನ ಅಂತರ 1,000 ಮಿ.ಮೀ.ಯಿಂದ 1,676 ಮಿ.ಮೀ.ಗೆ ಹಿಗ್ಗಿತು. 180 ಸೆಂ.ಮೀ. ಉದ್ದದ ಹಳೆಯ ಸ್ಲೀಪರ್ ಈ ಅಗಲಕ್ಕೆ ಏನೇನೂ ಸಾಲದು. ಪ್ರತಿಯೊಂದನ್ನೂ ಕಿತ್ತೇ ತೆಗೆಯಬೇಕಾಯಿತು. ಲೋಂಡಾ-ಮೀರಜ್ ನಡುವಿನ ಸುಮಾರು 186 ಕಿ.ಮೀ. ಒಂದನ್ನೇ ತೆಗೆದುಕೊಂಡು, ಕಿ.ಮೀ.ಗೆ ಒಂದೇ ಸಾವಿರವೆಂದು ಕಡಿಮೆ ಲೆಕ್ಕ ಹಿಡಿದರೂ 1.86 ಲಕ್ಷ ಸ್ಲೀಪರ್‌ಗಳಾಗುತ್ತವೆ.

ಅವುಗಳ ಜಾಗದಲ್ಲಿ ಬಂದದ್ದು ಪೂರ್ವಬಿಗಿತ ಕಾಂಕ್ರೀಟ್ ಸ್ಲೀಪರ್. ಒಳಗೆ ಎಳೆದು ಬಿಗಿಗೊಳಿಸಿದ 18 ಉಕ್ಕಿನ ತಂತಿ ಹುರಿಗಳು, 2.75 ಮೀಟರ್ ಉದ್ದ, ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾದರಿಯ ತೂಕ 267 ಕೆ.ಜಿ. ಗೆದ್ದಲು ಹತ್ತದು, ಕೊಳೆಯದು, ಕಾಡು ಕಡಿಯಬೇಕಿಲ್ಲ. ಭಾರವೇ ಅದರ ಗುಣ. ರೈಲಿನ ಓಟಕ್ಕೆ ಅಲುಗದೆ ಹಳಿಯನ್ನು ಹಿಡಿದು ನಿಲ್ಲುತ್ತದೆ. ಆದರೆ ಅದೇ ಗುಣ ಅದನ್ನು ಕೈಯಿಂದ ಹೊರತೆಗೆಯಬೇಕಾದವರ ಪಾಲಿಗೆ ಕಷ್ಟವಾಗಿದೆ. ನಾಲ್ವರು ಹಿಡಿದರೆ ತಲೆಗೆ 67 ಕೆ.ಜಿ., ಎಂಟು ಮಂದಿ ಹಿಡಿದರೂ ತಲಾ 33 ಕೆ.ಜಿ. ಮರದ ಕಾಲದ ಸಲಕರಣೆಗಳು ಹೆಚ್ಚೇನೂ ಬದಲಾಗಲಿಲ್ಲ, ಹೊರೆ ಮಾತ್ರ ಹಲವು ಪಟ್ಟು ಹೆಚ್ಚಿತು.

ಕೀಳುವ ಕ್ರಮ

ಕೆಲಸ ಶುರುವಾಗುವುದು ಸ್ಲೀಪರಿನಿಂದಲ್ಲ, ದೂರದಿಂದ. ರೈಲು ತಡೆಯಬೇಕಾದ ಕಾಮಗಾರಿಯಾದರೆ ಬ್ರಾಡ್‌ಗೇಜ್ ಮಾರ್ಗದಲ್ಲಿ 600 ಮೀಟರ್ ಆಚೆ ಒಂದು ಡಿಟೊನೇಟರ್, 1,200 ಮೀಟರ್ ಆಚೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು ಡಿಟೊನೇಟರ್‌ಗಳನ್ನು ಹಳಿಯ ಮೇಲೆ ಕಟ್ಟಬೇಕು. ಗಾಲಿ ಹತ್ತಿದೊಡನೆ ಪಟಾಕಿಯಂತೆ ಸಿಡಿಯುವ ಇವು ಚಾಲಕನಿಗೆ ಎಚ್ಚರಿಕೆ. ಕೆಂಪು ಬಾವುಟ ಹಿಡಿದವನು ಬೇರೆ ನಿಂತಿರುತ್ತಾನೆ.

ಅನಂತರ ಜಲ್ಲಿ ತೆಗೆಯುವ ಸರದಿ. ಹಾಳಾದ ಸ್ಲೀಪರಿನ ಬುಡವನ್ನು ನೇರವಾಗಿ ಅಗೆಯುವುದಿಲ್ಲ ಎಂಬುದನ್ನು ಗಮನಿಸಬೇಕು. ಅದಕ್ಕೂ ಪಕ್ಕದ ಸ್ಲೀಪರಿಗೂ ನಡುವಿನ ಒಂದು ಗೂಡನ್ನು ಮಾತ್ರ ಪಂಜದ ಮುಳ್ಳುಗಳಿಂದ ಕೆದಕಿ, ಸಲಿಕೆಯಿಂದ ಬುಟ್ಟಿಗೆ ತುಂಬಿ ಬರಿದು ಮಾಡಲಾಗುತ್ತದೆ. ಹಳಿಯ ಹೊರಬದಿಯ ಜಲ್ಲಿಯ ದಿಂಡನ್ನೂ ಸ್ಲೀಪರ್ ದಾಟುವಷ್ಟು ಅಗಲಕ್ಕೆ ಬಿಡಿಸಬೇಕು. ನೂರಾರು ರೈಲುಗಳ ತುಳಿತಕ್ಕೆ ಗಟ್ಟಿಯಾದ ಬುಡದ ಹಾಸು ಕದಡಿದರೆ ಹೊಸ ಸ್ಲೀಪರ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಆದ್ದರಿಂದಲೇ ಈ ಬಳಸು ದಾರಿ.

ಆಮೇಲೆ ಹಳಿಯನ್ನು ಕಚ್ಚಿ ಹಿಡಿದ ಕ್ಲಿಪ್‌ಗಳು. ಸ್ಲೀಪರಿಗೆ ನಾಲ್ಕು. ಕೈಗೆ ಸಣ್ಣದಾಗಿ ಕಾಣುವ ಈ ಸುತ್ತಿದ ಉಕ್ಕಿನ ಕಂಬಿ ಸುಮಾರು ಒಂದು ಟನ್ ಬಲದಿಂದ ಹಳಿಯ ಪಾದವನ್ನು ಒತ್ತಿರುತ್ತದೆ. ತುಕ್ಕು ಹಿಡಿದು ಕಚ್ಚಿಕೊಂಡರಂತೂ ಸುತ್ತಿಗೆಯ ಏಟಿಗೂ ಬಗ್ಗದು. ಸಿಡಿದರೆ ಮೊಣಕಾಲು, ಮುಖ ಯಾವುದಕ್ಕೂ ಅಪಾಯ. ಅದಕ್ಕೆಂದೇ ಸನ್ನೆಕೋಲಿನಂತೆ ಕೆಲಸ ಮಾಡುವ ಕ್ಲಿಪ್ ಕೀಳುವ ಸಾಧನಗಳು ಬಂದಿವೆ.

ಕ್ಲಿಪ್ ಬಿಟ್ಟ ಮೇಲೂ ಸ್ಲೀಪರ್ ಸುಲಭವಾಗಿ ಬರುವುದಿಲ್ಲ. ಕ್ಲಿಪ್ ಕೂರಿಸಲೆಂದು ಕಾಂಕ್ರೀಟಿನಲ್ಲಿ ನೆಟ್ಟ ಕಬ್ಬಿಣದ ಕಿವಿಗಳು ಹಳಿಯ ಎರಡೂ ಬದಿಗೆ ಮೇಲೆದ್ದಿರುತ್ತವೆ. ಅವು ಹಳಿಗೆ ತಾಗದಂತೆ ಸ್ಲೀಪರನ್ನು ಕೆಳಕ್ಕೆ ಇಳಿಸಬೇಕು, ಇಲ್ಲವೇ ಹಳಿಯನ್ನು ಮೇಲಕ್ಕೆ ಎತ್ತಬೇಕು. ಮಿತಿ ಮೀರಿ ಎತ್ತಿದರೆ ಅಕ್ಕಪಕ್ಕದ ಸ್ಲೀಪರ್‌ಗಳೂ ಜೊತೆಗೆದ್ದು ಅವುಗಳಡಿಗೆ ಜಲ್ಲಿ ನುಸುಳಿ ಹಳಿಯಲ್ಲಿ ಗೂನು ಮೂಡುತ್ತದೆ. ಹಾಗಾಗಿ ಜಾಕ್‌ನಿಂದ ತುಸುವೇ ಎತ್ತಿ, ಹಾರೆಗಳಿಂದ ಮೀಟಿ ಸ್ಲೀಪರನ್ನು ಬರಿದಾದ ಗೂಡಿಗೆ ದೂಡುವುದು ವಾಡಿಕೆ. ಒಂದೂವರೆ ಮೀಟರ್ ಉದ್ದದ ಹಾರೆಯ ತುದಿಯಿಂದ 10 ಸೆಂ.ಮೀ. ದೂರದಲ್ಲಿ ಒತ್ತುಗಲ್ಲು ಇಟ್ಟರೆ, ಕೈ ಹಾಕಿದ ಬಲ ತುದಿಯಲ್ಲಿ 14 ಪಟ್ಟಾಗುತ್ತದೆ. 20 ಕೆ.ಜಿ.ಯಷ್ಟು ಒತ್ತಿದರೆ ಸ್ಲೀಪರಿನ ಇಡೀ ತೂಕಕ್ಕೆ ಸಮ. ಸವದತ್ತಿಯ ಹೊಲದಲ್ಲಿ ಕಲ್ಲು ಕೀಳುವ ರೈತನಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ.

ಗೂಡಿಗಿಳಿದ ಸ್ಲೀಪರನ್ನು ಹೊರಗೆಳೆಯುವುದು ಇಕ್ಕಳದ ಪಾಲು. ಭಾರ ಹೆಚ್ಚಿದಷ್ಟೂ ಹಲ್ಲುಗಳು ಇನ್ನಷ್ಟು ಬಿಗಿಯಾಗಿ ಕಚ್ಚುವಂತೆ ಅದರ ಎರಡು ತೋಳುಗಳನ್ನು ಕತ್ತರಿಯಂತೆ ಅಡ್ಡಲಾಗಿ ಜೋಡಿಸಿರುತ್ತಾರೆ. ಹಗ್ಗವನ್ನೂ ಬಳಸುವುದುಂಟು. ‘ಹೈಸಾ’ ಎಂಬ ಕೂಗಿಗೆ ಎಲ್ಲರೂ ಒಮ್ಮೆಲೇ ಎಳೆಯಬೇಕು. ಒಬ್ಬನ ಲಯ ತಪ್ಪಿದರೂ ಉಳಿದವರ ಬೆನ್ನಿಗೆ ಪೆಟ್ಟು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನಾಂಗದ ಹಳಿ ಕೆಲಸಗಾರರು ಇದೇ ಲಯಕ್ಕಾಗಿ ಹಾಡು ಕಟ್ಟಿದ್ದರು. ಆ ದೇಶದಲ್ಲಿ ಹಳಿಗೇ ಬಿಗಿದು, ಸನ್ನೆ ಹಿಡಿಕೆಯನ್ನು ಹಿಂದೆ ಮುಂದೆ ಆಡಿಸುತ್ತ ಹಲ್ಲುಹಲ್ಲಾಗಿ ಸ್ಲೀಪರನ್ನು ಎಳೆದು ಹಾಕುವ ಕೈಯಂತ್ರಗಳಿಗೂ ಪೇಟೆಂಟ್ ಪಡೆಯಲಾಗಿತ್ತು. ಅವು ರೂಪುಗೊಂಡದ್ದು ಮರದ ಸ್ಲೀಪರಿಗಾಗಿ.

ಹೊಸ ಸ್ಲೀಪರನ್ನು ಅದೇ ದಾರಿಯಲ್ಲಿ ಒಳಕ್ಕೆ ತಳ್ಳಿ, ರಬ್ಬರ್ ಪ್ಯಾಡ್, ಲೈನರ್, ಕ್ಲಿಪ್ ಕೂರಿಸಿ, ಗೇಜ್ ಅಳೆದು, ಜಲ್ಲಿಯನ್ನು ಬೀಟರ್‌ನಿಂದ ಬುಡಕ್ಕೆ ಬಡಿದು ತುಂಬಲಾಗುತ್ತದೆ. ಗುದ್ದಲಿಯ ತಲೆಯನ್ನು ಮೊಂಡಾಗಿಸಿದಂತೆ ಕಾಣುವ ಸಾಧನವಿದು. ಬುಡ ತುಂಬಿತೋ ಇಲ್ಲವೋ ಎಂದು ನೋಡಲು ‘ಕ್ಯಾನ್ ಎ ಬೂಲ್’ ಎಂಬ ಫ್ರೆಂಚ್ ಹೆಸರಿನ, ತುದಿಯಲ್ಲಿ ಗುಂಡು ಇರುವ ಕೋಲನ್ನು ಸ್ಲೀಪರಿನ ಮೇಲೆ ಬೀಳಿಸಿ ಸದ್ದು ಕೇಳುತ್ತಾರೆ. ಕುಂಬಾರನ ಅಂಗಡಿಯಲ್ಲಿ ಮಡಕೆ ತಟ್ಟಿ ನೋಡುವಂತೆಯೇ. ಪೊಳ್ಳು ಸದ್ದು ಬಂದರೆ ಮತ್ತೆ ಬಡಿಯಬೇಕು.

ಬಿಸಿಲು ಮತ್ತು ಎರೆಮಣ್ಣು

ಒಂದು ಸ್ಲೀಪರ್ ತೆಗೆಯುವುದಕ್ಕೆ ಇಷ್ಟೊಂದು ಕಟ್ಟುಪಾಡು ಏಕೆ ಎಂಬ ಪ್ರಶ್ನೆ ಸಹಜ. ಇಂದಿನ ಹಳಿಗಳನ್ನು ಬೆಸೆದು ಉದ್ದಕ್ಕೆ ಒಂದೇ ಮಾಡಲಾಗಿದೆ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಕಟ್ಟಿಲ್ಲದೆ ಬಿಟ್ಟರೆ ಒಂದು ಕಿ.ಮೀ. ಉದ್ದದ ಹಳಿ 30 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 35 ಸೆಂ.ಮೀ. ಬೆಳೆಯುತ್ತದೆ. ಬೆಸೆದ ಹಳಿಗೆ ಬೆಳೆಯಲು ಜಾಗವಿಲ್ಲ. ಆ ಒತ್ತಡವನ್ನು ಸ್ಲೀಪರ್ ಮತ್ತು ಜಲ್ಲಿ ಹಿಡಿದಿಟ್ಟಿರುತ್ತವೆ. ಬಿರುಬಿಸಿಲಿನಲ್ಲಿ ಒಂದೇ ಕಡೆ ನಾಲ್ಕಾರು ಸ್ಲೀಪರ್ ಸಡಿಲಿಸಿದರೆ ಹಳಿ ಹಾವಿನಂತೆ ಪಕ್ಕಕ್ಕೆ ಬಾಗುವ ಅಪಾಯವಿದೆ. ಆದ್ದರಿಂದ ಬೆಸೆದ ಹಳಿಯಲ್ಲಿ ಬಿಡಿ ಬದಲಾವಣೆ ಮಾಡುವಾಗ ಸಾಲಾಗಿರುವ 30 ಸ್ಲೀಪರ್‌ಗಳಲ್ಲಿ ಒಮ್ಮೆಗೆ ಒಂದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಹಳಿಯ ಉಷ್ಣಾಂಶವೂ ಗೊತ್ತುಪಡಿಸಿದ ಮಿತಿಯೊಳಗೆ ಇರಬೇಕು. ಉತ್ತರ ಕರ್ನಾಟಕದ ಏಪ್ರಿಲ್-ಮೇ ತಿಂಗಳುಗಳಲ್ಲಿ ಇಂಥ ಕೆಲಸಕ್ಕೆ ಸಿಗುವುದು ಬೆಳಗಿನ ತಂಪು ಹೊತ್ತು ಮಾತ್ರ.

ಮಲಪ್ರಭಾ ಕೊಳ್ಳದ ಕಪ್ಪು ಎರೆಮಣ್ಣು ಇನ್ನೊಂದು ಸವಾಲು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಜೋಳ, ಕಡಲೆ, ಹತ್ತಿಗೆ ಹೆಸರಾದ ಈ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಹಳಿಯ ಒಡ್ಡಿನ ಕೆಳಗೆ ಇಂಥ ಮಣ್ಣಿದ್ದು, ಮೇಲೆ ಸೂಕ್ತ ಮರಳು-ಗರಸಿನ ಹೊದಿಕೆ ಇಲ್ಲದಿದ್ದರೆ, ರೈಲು ಹಾದಾಗಲೆಲ್ಲ ರಾಡಿ ಮೇಲೆದ್ದು ಜಲ್ಲಿಯ ಸಂದುಗಳನ್ನು ತುಂಬುತ್ತದೆ. ಸ್ಲೀಪರ್ ಅಡಿ ನೀರು ನಿಂತು ಅದು ಕುಣಿಯತೊಡಗುತ್ತದೆ, ಬೇಗ ಸವೆಯುತ್ತದೆ. ಒಣಗಿದ ಮೇಲೆ ಜಲ್ಲಿ ಗಾರೆ ಹಾಕಿದಂತೆ ಗಟ್ಟಿಯಾಗಿ ಪಂಜ, ಪಿಕಾಸಿ ಇಳಿಯುವುದೇ ದುಸ್ತರ. ಈ ಭಾಗದಲ್ಲಿ ಹೊಸ ಮಾರ್ಗ ಹಾಕುವವರು ಒಡ್ಡಿನ ಹೊದಿಕೆಯಲ್ಲಿ ಜಿಪುಣತನ ಮಾಡಿದರೆ ಅದರ ಬೆಲೆಯನ್ನು ಮುಂದೆ ಹಾರೆ ಹಿಡಿಯುವವರು ತೆರಬೇಕಾದೀತು.

ಯಂತ್ರವಿದ್ದೂ ಕೈಯೇಕೆ?

ಮಾರ್ಗವನ್ನೇ ಹೊಸದಾಗಿಸುವಾಗ ಹಳಿ-ಸ್ಲೀಪರ್‌ಗಳ ಚೌಕಟ್ಟನ್ನು ಇಡಿಯಾಗಿ ಎತ್ತಿಡುವ ಯಂತ್ರಗಳು, ಚಲಿಸುತ್ತಲೇ ಹಳೆಯ ಸ್ಲೀಪರ್ ಎತ್ತಿ ಹೊಸದನ್ನು ಇಡುವ ರೈಲುಗಳು ಭಾರತದಲ್ಲಿವೆ. ಜಲ್ಲಿ ಶುದ್ಧಿಗೂ, ಬಡಿಯುವುದಕ್ಕೂ ಬೇರೆ ಯಂತ್ರಗಳಿವೆ. ಆದರೆ ಹಳಿ ತಪ್ಪಿದ ಒಂದು ಗಾಲಿ ಉಜ್ಜಿಕೊಂಡು ಹೋಗಿ ಒಡೆದ ಹತ್ತಾರು ಸ್ಲೀಪರ್‌ಗಳಿಗಾಗಿ, ಸುರಂಗದೊಳಗಿನ ಒಂದಕ್ಕಾಗಿ, ಲೆವೆಲ್ ಕ್ರಾಸಿಂಗಿನ ಕೆಳಗಿನ ಎರಡಕ್ಕಾಗಿ ಅವುಗಳನ್ನು ತರಿಸುವುದು ಸಾಧ್ಯವೂ ಅಲ್ಲ, ಲಾಭದಾಯಕವೂ ಅಲ್ಲ. ಹತ್ತಿರದ ಗ್ಯಾಂಗಿನವರು ಹೆಗಲ ಮೇಲೆ ಸಲಕರಣೆ ಹೊತ್ತು ನಡೆದು ಬರುವಷ್ಟರಲ್ಲಿ ಯಂತ್ರ ಯಾವುದೋ ನಿಲ್ದಾಣದ ಪಕ್ಕದ ಹಳಿಯಲ್ಲಿ ಸಿಗ್ನಲ್‌ಗಾಗಿ ಕಾಯುತ್ತಿರುತ್ತದೆ.

ಕೈ ಸಾಧನಗಳಲ್ಲೂ ಸುಧಾರಣೆ ಆಗಿಲ್ಲವೆಂದಲ್ಲ. ಹಳೆಯ ಹಲ್ಲಿನ ಜಾಕ್ ಹಳಿಯ ಪಕ್ಕದಲ್ಲಿ ಎತ್ತರಕ್ಕೆ ನಿಲ್ಲುತ್ತಿತ್ತು. ರೈಲು ಅನಿರೀಕ್ಷಿತವಾಗಿ ಬಂದರೆ ಗಾಲಿಗೆ ತಾಗಿ ಅನಾಹುತಕ್ಕೆ ದಾರಿ. ಈಗ ಗಾಲಿಯ ದಾರಿಗೆ ಅಡ್ಡಬಾರದಷ್ಟು ಗಿಡ್ಡವಾದ, ಕೈಯಿಂದ ಒತ್ತುವ ಹೈಡ್ರಾಲಿಕ್ ಜಾಕ್‌ಗಳು ಬಳಕೆಯಲ್ಲಿವೆ. ಸ್ಲೀಪರ್ ಸಾಗಿಸಲು ಹಳಿಯ ಮೇಲೆ ತಳ್ಳುವ ಡಿಪ್ ಲಾರಿಗಳಿವೆ. ಆದರೂ ಕೊನೆಯ ಎರಡು ಮೀಟರಿನ ಎಳೆತ ಮನುಷ್ಯನ ಸೊಂಟದ ಮೇಲೆಯೇ ನಿಂತಿದೆ.

ಗ್ಯಾಂಗ್‌ಮನ್ ಎಂಬ ಹುದ್ದೆ ಟ್ರ್ಯಾಕ್‌ಮನ್ ಆಯಿತು, ಬಳಿಕ ಟ್ರ್ಯಾಕ್ ಮೇಂಟೇನರ್ ಆಯಿತು. ಅಪಾಯದ ಸ್ವರೂಪ ಬದಲಾದಂತಿಲ್ಲ. ಅನಿಲ್ ಕಾಕೋಡ್ಕರ್ ನೇತೃತ್ವದ ಉನ್ನತ ಮಟ್ಟದ ಸುರಕ್ಷತಾ ಸಮಿತಿ 2012ರಲ್ಲಿ ನೀಡಿದ ವರದಿಯ ಪ್ರಕಾರ, 2007-08ರಿಂದ 2011ರ ಅಕ್ಟೋಬರ್‌ವರೆಗೆ ಸುಮಾರು 1,600 ರೈಲ್ವೆ ಸಿಬ್ಬಂದಿ ಕರ್ತವ್ಯದಲ್ಲಿದ್ದಾಗ ಮೃತಪಟ್ಟಿದ್ದರು. ಇವರೆಲ್ಲರೂ ಹಳಿ ಕೆಲಸಗಾರರಲ್ಲ. ಆದರೆ ಬಗ್ಗಿ ಜಲ್ಲಿ ಎಳೆಯುತ್ತಿರುವವನ ಕಿವಿಗೆ ಸಲಿಕೆಯ ಸದ್ದಿನ ನಡುವೆ, ತಿರುವಿನಾಚೆಯ ವಿದ್ಯುತ್ ಎಂಜಿನ್ ಕೇಳಿಸುವುದು ತಡವಾಗಿಯೇ. ಉಗಿಬಂಡಿಯ ಕಾಲದಲ್ಲಿ ಹೊಗೆಯಾದರೂ ದೂರದಿಂದ ಕಾಣುತ್ತಿತ್ತು. ರೈಲು ಹತ್ತಿರವಾದಾಗ ಕಂಪಿಸಿ, ಸದ್ದು ಮಾಡಿ ಎಚ್ಚರಿಸುವ ‘ರಕ್ಷಕ್’ ಎಂಬ ಕೈ ಸಾಧನ ರೂಪುಗೊಂಡದ್ದು ಇದೇ ಕಾರಣಕ್ಕೆ. ಹಾರೆ, ಇಕ್ಕಳಗಳ ಜೊತೆಗೆ ಅದೂ ಪ್ರತಿ ಗ್ಯಾಂಗಿನ ಬಳಿ ಇರಬೇಕಾದ ಸಲಕರಣೆ.

ಕಿತ್ತ ಸ್ಲೀಪರ್‌ಗಳ ಗತಿಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮರದ್ದಾಗಿದ್ದಾಗ ರೈಲ್ವೆ ಹರಾಜಿನಲ್ಲಿ ಅವುಗಳಿಗೆ ಗಿರಾಕಿಗಳಿದ್ದರು. ದಶಕಗಟ್ಟಲೆ ಮಳೆ-ಬಿಸಿಲು ತಿಂದ ತೇಗ ಬಾಗಿಲ ಚೌಕಟ್ಟಿಗೂ ತೊಲೆಗೂ ಒದಗುತ್ತಿತ್ತು. ಕಾಂಕ್ರೀಟಿನ ಸ್ಲೀಪರನ್ನು ಯಾರೂ ಸುಲಭವಾಗಿ ಕೊಳ್ಳರು. ಒಡೆದು ತಂತಿ ತೆಗೆಯುವ ಖರ್ಚೇ ಹೆಚ್ಚು, ಹೊರುವವರೂ ಇಲ್ಲ. ನಿಲ್ದಾಣಗಳ ಅಂಚಿನಲ್ಲಿ ಬೇಲಿಗೂಟವಾಗಿಯೋ, ಕಾಲುದಾರಿಯ ಹಾಸಾಗಿಯೋ ಕೆಲವು ಬಳಕೆಯಾಗುತ್ತವೆ. ಉಳಿದವು ಎಳೆದು ಹಾಕಿದಲ್ಲೇ, ಹಳಿಯ ಬದಿಯ ಹುಲ್ಲಿನಲ್ಲಿ ಬಿದ್ದಿರುತ್ತವೆ.